ಕುದುರೆಗೆ ಹುಲ್ಲು ಹಾಕಿದವರು ಯಾರು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿರುವ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವನು. ಮಗಳು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಸಲ ಊರಿಗೆ ಬಂದಾಗ ಹೆನ್ನಿಂಗ್ ಮಾಂಕೆಲ್ ಅವರ ‘ಫೇಸ್‌ಲೆಸ್ ಕಿಲ್ಲರ್ಸ್’ ಕೊಟ್ಟು, ಅಪ್ಪಾ ಇದನ್ನು ಓದಲೇಬೇಕು ಅಂದಳು. ಅರ್ಧಕ್ಕೆ ನಿಲ್ಲಿಸಿದೆ. ಅಲ್ಲಿ ಜೋಡಿ ಕೊಲೆಯಾಗಿದೆ, ಪತ್ತೇದಾರ ನೋಡಿದರೆ ಅಪ್ಪನ ಮನೆಗೆ ಹೋಗಿ ಜಗಳವಾಡುತ್ತಾನೆ, ಬಿಟ್ಟುಹೋದ ಹೆಂಡತಿಯನ್ನು ನೆನೆದು ಕುಡಿಯುತ್ತಾನೆ, ನಿದ್ದೆಗೆಡುತ್ತಾನೆ. ಎಲ್ಲಿ ನೋಡಿದರೂ ಕತ್ತಲು, ಗಾಳಿ, ಬೇಸರ. ಇಂಥ ಪುಸ್ತಕಗಳನ್ನು ಜನ ಇಷ್ಟೊಂದು ಹಚ್ಚಿಕೊಳ್ಳುವುದು ಯಾಕೆ? ನನಗೆ ಕಾಣದೇ ಹೋಗಿದ್ದೇನು?

ಉತ್ತರ: ಮೇಷ್ಟ್ರೇ, ನಾನೂ ಇದೇ ಪುಸ್ತಕವನ್ನು ಮೊದಲ ಸಲ ಅರ್ಧಕ್ಕೆ ಬಿಟ್ಟಿದ್ದೆ. ಆಮೇಲೆ ಓದು, ಕೆಲಸ ಅಂತ ಆರು ವರ್ಷ ದಕ್ಷಿಣ ಸ್ವೀಡನ್ನಿನ ಲುಂಡ್‌ನಲ್ಲಿದ್ದೆ. ಅಲ್ಲಿ ಇಂಥ ಕಾದಂಬರಿಗಳನ್ನೇ ಓದಿದೆ, ಅವುಗಳ ಬಗ್ಗೆ ಪಾಠ ಹೇಳಿದೆ, ಈಗಲೂ ಅದೇ ಮಾಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನೀವು ಬಿಟ್ಟ ಪುಸ್ತಕದಿಂದಲೇ ಶುರು ಮಾಡೋಣ. ಮೊದಲ ಪುಟ ನೆನಪಿದೆಯಾ? 1990ರ ಜನವರಿ. ಲುನ್ನಾರ್ಪ್ ಅನ್ನೋ ಪುಟ್ಟ ಹಳ್ಳಿ. ಇನ್ನೂ ಬೆಳಕು ಹರಿದಿಲ್ಲ. ಒಬ್ಬ ಮುದುಕ ರೈತನಿಗೆ ಎಚ್ಚರವಾಗುತ್ತದೆ. ಏನೋ ಸರಿಯಿಲ್ಲ ಅನಿಸುತ್ತದೆ, ಆದರೆ ಏನು ಅಂತ ತಿಳಿಯುವುದಿಲ್ಲ. ಎದ್ದು ಹೋಗಿ ಪಕ್ಕದ ಮನೆ ಕಡೆ ಕಣ್ಣು ಹಾಯಿಸುತ್ತಾನೆ. ಆಮೇಲೆ ಹೊಳೆಯುತ್ತದೆ: ಪಕ್ಕದವರ ಕುದುರೆ ಇವತ್ತು ಕೆನೆದಿಲ್ಲ.

ರಕ್ತ ಆಮೇಲೆ ಕಾಣಿಸುತ್ತದೆ. ಅದಕ್ಕೂ ಮುಂಚೆ ಕಾಣಿಸುವುದು ದಿನಾ ಕೇಳುತ್ತಿದ್ದ ಒಂದು ಸದ್ದು ಇಲ್ಲದೇ ಹೋಗಿದ್ದು. ಬಹಳ ವರ್ಷ ಅಕ್ಕಪಕ್ಕ ಬಾಳಿದವರಿಗೆ ಮಾತ್ರ ಗೊತ್ತಾಗುವ ಸಂಗತಿ ಅದು. ಮುಂದೆ ಪೊಲೀಸರು ಲಾಯಕ್ಕೆ ಹೋಗಿ ನೋಡಿದರೆ ಕುದುರೆಗೆ ಹುಲ್ಲು ಹಾಕಿದೆ. ವಯಸ್ಸಾದ ಗಂಡ ಹೆಂಡತಿಯನ್ನು ಅಷ್ಟು ಕ್ರೂರವಾಗಿ ಹಿಂಸಿಸಿದ ರಾತ್ರಿಯೇ ಯಾರೋ ಒಂದು ಪ್ರಾಣಿಯ ಹಸಿವನ್ನು ನೆನಪಿಟ್ಟುಕೊಂಡಿದ್ದಾರೆ. ಯಾವ ಥರದ ಮನುಷ್ಯ ಹೀಗೆ ಮಾಡುತ್ತಾನೆ? ಕುರ್ಟ್ ವಲ್ಲಾಂಡರ್ ಅನ್ನೋ ಆ ಇನ್‌ಸ್ಪೆಕ್ಟರ್ ತಲೆಯಲ್ಲಿ ಈ ಪ್ರಶ್ನೆ ಕೊನೆವರೆಗೂ ಕೊರೆಯುತ್ತಲೇ ಇರುತ್ತದೆ.

ಇನ್ನು ನಿಮಗೆ ಬೇಸರ ತರಿಸಿದ ಅಪ್ಪನ ವಿಷಯ. ಕೊಲೆಯಾದವರು ಯಾರು ಹೇಳಿ? ಊರಾಚೆ ಒಂಟಿ ಮನೆಯಲ್ಲಿದ್ದ ಮುದುಕರು. ವಲ್ಲಾಂಡರ್ ಅಪ್ಪ ಎಲ್ಲಿದ್ದಾನೆ? ಲೋಡೆರುಪ್ ಹತ್ತಿರ ಅಂಥದ್ದೇ ಒಂಟಿ ಮನೆಯಲ್ಲಿ, ಅಷ್ಟೇ ವಯಸ್ಸಾಗಿ. ಜೀವಮಾನವಿಡೀ ಒಂದೇ ಚಿತ್ರ ಬರೆದವನು ಅವನು. ಅದೇ ಕಾಡು, ಅದೇ ಬಯಲು, ಕೆಲವದರಲ್ಲಿ ಒಂದು ಕಾಡುಕೋಳಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಈಗ ಅವನಿಗೆ ಮರೆವು ಶುರುವಾಗಿದೆ. ಒಂದು ಹೊತ್ತಿನಲ್ಲಿ ಮಲಗುವ ಬಟ್ಟೆಯಲ್ಲೇ, ಕೈಯಲ್ಲಿ ಪೆಟ್ಟಿಗೆ ಹಿಡಿದು, ಕೆಸರು ಹೊಲದಲ್ಲಿ ನಡೆದು ಹೊರಟುಬಿಡುತ್ತಾನೆ. ಮಗ ಹಗಲೆಲ್ಲ ಬೇರೆಯವರ ಅಪ್ಪ ಅಮ್ಮ ಒಂಟಿಯಾಗಿ ಸತ್ತಿದ್ದು ಹೇಗೆ ಅಂತ ಹುಡುಕುತ್ತಾನೆ. ಸಂಜೆ ತನ್ನ ಅಪ್ಪನಿಗೆ ಫೋನ್ ಮಾಡಲು ಮರೆಯುತ್ತಾನೆ. ಕೇಸು ಬೇರೆ, ಮನೆ ಬೇರೆ ಅಂತ ಓದಿದರೆ ಇದೆಲ್ಲ ಸುಮ್ನೆ ತುರುಕಿದ ಹಾಗೆ ಕಾಣುತ್ತದೆ. ಎರಡೂ ಒಂದೇ ಕಥೆ ಅಂತ ಗೊತ್ತಾದ ದಿನ ನಾನು ಈ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡೆ. ಆ ಹೊತ್ತಿಗೆ ನಮ್ಮ ಮನೆಯಲ್ಲೂ ಅಪ್ಪ ಒಬ್ಬರೇ ಇದ್ದರು, ನಾನು ದೂರದಲ್ಲಿದ್ದೆ.

ನನ್ನ ಪ್ರಕಾರ ಈ ಪುಸ್ತಕಗಳ ಸೆಳೆತ ಇಷ್ಟೇ: ಇಲ್ಲಿ ಸತ್ತವರು ಲೆಕ್ಕಕ್ಕೆ ಬರುತ್ತಾರೆ. ಎಷ್ಟೋ ಪತ್ತೇದಾರಿ ಕಥೆಗಳಲ್ಲಿ ಹೆಣ ಅನ್ನೋದು ಆಟ ಶುರು ಮಾಡಲು ಬೇಕಾದ ಒಂದು ಕಾಯಿ. ಮೊದಲ ಅಧ್ಯಾಯದಲ್ಲಿ ಬಿದ್ದಿರುತ್ತದೆ, ಮೂರನೆಯ ಅಧ್ಯಾಯದ ಹೊತ್ತಿಗೆ ಅದರ ಹೆಸರೂ ನೆನಪಿರುವುದಿಲ್ಲ. ಇಲ್ಲಿ ಹಾಗಲ್ಲ. ಹೋದ ಜೀವವನ್ನು ಯಾರಾದರೂ ಒಬ್ಬರು ಹೊತ್ತುಕೊಂಡು ತಿರುಗಲೇಬೇಕು. ಹಾಗೆ ಹೊತ್ತವನಿಗೆ ನಿದ್ದೆ ಬರುವುದಿಲ್ಲ, ಹೊಟ್ಟೆ ಕೆಡುತ್ತದೆ, ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಆ ಬೇಸರ ಅಲಂಕಾರಕ್ಕೆ ಇಟ್ಟಿದ್ದಲ್ಲ ಮೇಷ್ಟ್ರೇ, ಅದು ಹೊರೆಯ ತೂಕ.

ಈ ದಾರಿ ಹಾಕಿಕೊಟ್ಟವರು ಸ್ವೀಡನ್ನಿನ ಒಂದು ಜೋಡಿ, ಮಾಯ್ ಶೆವಾಲ್ ಮತ್ತು ಪೇರ್ ವಾಲೋ. ಇಬ್ಬರೂ ಪತ್ರಕರ್ತರು, ಎಡಪಂಥದವರು. ರಾತ್ರಿ ಮಕ್ಕಳನ್ನು ಮಲಗಿಸಿ, ಒಂದು ಅಧ್ಯಾಯ ಇವರು, ಇನ್ನೊಂದು ಅವರು ಅಂತ ಬರೆಯುತ್ತಿದ್ದರು. 1965ರಿಂದ 1975ರವರೆಗೆ ಹತ್ತು ಕಾದಂಬರಿ, ಒಂದೊಂದರಲ್ಲೂ ಮೂವತ್ತು ಅಧ್ಯಾಯ. ಮೊದಲನೆಯದು ‘ರೋಸಾನ್ನ’. ಜುಲೈ ತಿಂಗಳು. ಯೋಟಾ ಕಾಲುವೆಯಲ್ಲಿ ಹೂಳೆತ್ತುವಾಗ ಯಂತ್ರದ ಬಾನಿಯಲ್ಲಿ ಒಬ್ಬ ಹೆಂಗಸಿನ ಹೆಣ ಮೇಲೆ ಬರುತ್ತದೆ. ಮೈಮೇಲೆ ಬಟ್ಟೆಯಿಲ್ಲ, ಗುರುತಿಗೆ ಏನೂ ಇಲ್ಲ, ಆ ಕಡೆ ಯಾರೂ ಕಾಣೆಯಾಗಿಲ್ಲ.

ಅವಳ ಹೆಸರು ಗೊತ್ತಾಗಲಿಕ್ಕೇ ಮೂರು ತಿಂಗಳು ಹಿಡಿಯುತ್ತದೆ. ಮೂರು ತಿಂಗಳು! ಮಾರ್ಟಿನ್ ಬೆಕ್ ಅನ್ನೋ ಪೊಲೀಸ್ ಅಧಿಕಾರಿ ಅಷ್ಟು ದಿನವೂ ಕಾಗದ ಬರೆಯುತ್ತಾನೆ, ಕಾಯುತ್ತಾನೆ, ಕೆಮ್ಮುತ್ತಾನೆ, ರಾತ್ರಿ ಮನೆಯಲ್ಲಿ ಹಡಗಿನ ಮಾದರಿ ಜೋಡಿಸುತ್ತಾ ಕೂರುತ್ತಾನೆ. ಕೊನೆಗೆ ಅಮೆರಿಕದ ನೆಬ್ರಾಸ್ಕಾದಿಂದ ಉತ್ತರ ಬರುತ್ತದೆ. ಅವಳು ಅಲ್ಲಿನ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದವಳು. ಪ್ರವಾಸಕ್ಕೆ ಬಂದು ಕಾಲುವೆಯ ಹಡಗು ಹತ್ತಿದ್ದಳು. ಆಗ ಪೊಲೀಸರು ಏನು ಮಾಡುತ್ತಾರೆ ಗೊತ್ತಾ? ಆ ಹಡಗಿನಲ್ಲಿ ಹೋದ ಪ್ರಯಾಣಿಕರು ಬೇರೆ ಬೇರೆ ದೇಶದಲ್ಲಿದ್ದಾರೆ. ಅವರನ್ನೆಲ್ಲ ಹುಡುಕಿ, ರಜೆಯಲ್ಲಿ ತೆಗೆದ ಫೋಟೊ, ಸಿನಿಮಾ ರೀಲು ತರಿಸುತ್ತಾರೆ. ಕತ್ತಲೆ ಕೋಣೆಯಲ್ಲಿ ಕೂತು ಯಾರದೋ ಮನೆಯವರ ನಗು, ಯಾರದೋ ಟೋಪಿ, ದಡದ ಮರಗಳು ಎಲ್ಲ ನೋಡುತ್ತಾ ಹೋಗುವಾಗ ಪರದೆ ಮೇಲೆ ಅವಳು ಬರುತ್ತಾಳೆ. ಜೀವಂತವಾಗಿ, ಓಡಾಡುತ್ತಾ. ಅಲ್ಲಿವರೆಗೆ ಬೆಕ್ ಅವಳನ್ನು ನೋಡಿದ್ದು ಹೆಣವಾಗಿ ಮಾತ್ರ. ನಾನು ಈ ಪುಟ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾವ ಗುಂಡಿನ ಕಾಳಗವೂ ನನ್ನನ್ನು ಹಾಗೆ ಕೂರಿಸಿಲ್ಲ.

ಮಾಂಕೆಲ್ ಇದನ್ನೇ ಮುಂದುವರಿಸಿದರು. 1995ರಲ್ಲಿ ಬಂದ ‘ಸೈಡ್‌ಟ್ರ್ಯಾಕ್ಡ್’ ಅನ್ನೋ ಅವರ ಕಾದಂಬರಿ ನಡೆಯುವುದು ನಡು ಬೇಸಿಗೆಯಲ್ಲಿ. ಹೊಲದ ತುಂಬ ಹಳದಿ ಹೂವು. ಒಂದು ಹುಡುಗಿ ಹೊಲದ ನಡುವೆ ನಿಂತಿದ್ದಾಳೆ ಅಂತ ರೈತನೊಬ್ಬ ಫೋನ್ ಮಾಡುತ್ತಾನೆ. ವಲ್ಲಾಂಡರ್ ಹತ್ತಿರ ಹೋಗುತ್ತಿರುವಾಗಲೇ ಅವಳು ಮೈಗೆ ಬೆಂಕಿ ಹಚ್ಚಿಕೊಳ್ಳುತ್ತಾಳೆ. ಅದೇ ಹೊತ್ತಿಗೆ ದೊಡ್ಡ ದೊಡ್ಡವರ ಸರಣಿ ಕೊಲೆ ಶುರುವಾಗುತ್ತದೆ, ಇಡೀ ದೇಶದ ಕಣ್ಣು ಅದರ ಮೇಲೆ. ಆದರೆ ವಲ್ಲಾಂಡರ್ ಆ ಹುಡುಗಿಯನ್ನು ಬಿಡುವುದಿಲ್ಲ. ಅವಳಿಗೆ ಒಂದು ಹೆಸರು ಬೇಕು, ಒಂದು ಊರು ಬೇಕು, ಅವಳಿಗಾಗಿ ಕಾಯುತ್ತಿರುವ ಯಾರೋ ಇರಬೇಕು. ಸಮುದ್ರದಾಚೆ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಅವಳ ಅಪ್ಪ ಇದ್ದಾನೆ ಅಂತ ಓದುಗರಿಗೆ ಮೊದಲೇ ಗೊತ್ತು. ಕೊಲೆಗಾರ ಯಾರು ಅನ್ನೋ ಕುತೂಹಲಕ್ಕಿಂತ, ಈ ಸುದ್ದಿ ಆ ಅಪ್ಪನಿಗೆ ಮುಟ್ಟುತ್ತದಾ ಇಲ್ಲವಾ ಅನ್ನೋ ತಳಮಳವೇ ನನಗೆ ಜಾಸ್ತಿ ಇತ್ತು.

ಇಲ್ಲಿ ಕತ್ತಲಿನ ಬಗ್ಗೆ ಒಂದು ಮಾತು. ಹಿಮ, ಕತ್ತಲು, ಚಳಿಯೇ ಈ ಪುಸ್ತಕಗಳ ಗುಟ್ಟು ಅಂತ ಬಹಳ ಜನ ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ವಲ್ಲಾಂಡರ್‌ನ ಊರು ಯೂಸ್ಟಾಡ್‌ಗೆ ನಾನು ಮಾಲ್ಮೊದಿಂದ ಎಷ್ಟೋ ಸಲ ರೈಲಿನಲ್ಲಿ ಹೋಗಿದ್ದೇನೆ. ಸ್ಟೇಷನ್ ಇಳಿದರೆ ಬಂದರು ಅಲ್ಲೇ. ಹೊಲ ಅಂದರೆ ಸಪಾಟು, ಚಳಿಗಾಲದಲ್ಲಿ ಹಿಮಕ್ಕಿಂತ ಕೆಸರು ಜಾಸ್ತಿ, ಗಾಳಿಯಂತೂ ಮೂಳೆಗೆ ಹೋಗುತ್ತದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ಬೆಳಕು, ಮಧ್ಯಾಹ್ನ ಮೂರೂವರೆಗೆಲ್ಲ ಹೊತ್ತು ಮುಳುಗುತ್ತದೆ. ಅದೆಲ್ಲ ನಿಜ. ಆದರೆ ಹಳದಿ ಹೂವಿನ ಹೊಲದಲ್ಲಿ, ಉರಿ ಬಿಸಿಲಲ್ಲಿ ನಡೆದದ್ದು ಅಷ್ಟೇ ಕಪ್ಪಾಗಿದೆ ಅಲ್ವಾ? ಕತ್ತಲು ಹವಾಮಾನದಲ್ಲಿಲ್ಲ. ಎಲ್ಲ ಸರಿಯಿದೆ ಅಂದುಕೊಂಡ ಊರಲ್ಲಿ ಹೀಗಾಯಿತಲ್ಲ ಅನ್ನೋ ಗಾಬರಿಯಲ್ಲಿದೆ.

ಆ ಗಾಬರಿ ಅರ್ಥವಾಗಲು ಸ್ವೀಡನ್ನಿನ ಒಂದು ಮಾತು ಗೊತ್ತಿರಬೇಕು. ‘ಫೋಲ್ಕ್‌ಹೆಮ್ಮೆತ್’. ಜನರ ಮನೆ ಅಂತ ಅರ್ಥ. ದೇಶ ಅನ್ನೋದು ಒಳ್ಳೆಯ ಮನೆಯ ಹಾಗಿರಬೇಕು, ಅಲ್ಲಿ ಯಾರೂ ಮಲಮಗುವಾಗಬಾರದು ಅಂತ 1928ರಲ್ಲಿ ಪೇರ್ ಆಲ್ಬಿನ್ ಹಾನ್ಸೋನ್ ಭಾಷಣ ಮಾಡಿದರು, ನಾಲ್ಕು ವರ್ಷದ ಮೇಲೆ ಪ್ರಧಾನಿಯಾದರು. ಆಸ್ಪತ್ರೆ, ಶಾಲೆ, ಪಿಂಚಣಿ, ಎಲ್ಲವನ್ನೂ ಸರ್ಕಾರ ನೋಡಿಕೊಳ್ಳುವ ವ್ಯವಸ್ಥೆ ಅಲ್ಲಿಂದ ಬೆಳೆಯಿತು. ಜನ ಅದನ್ನು ನಂಬಿದರು, ನಂಬಲು ಕಾರಣವೂ ಇತ್ತು. ಹಾಗಿರುವಾಗ ಈ ಮನೆಯೊಳಗೇ ಒಬ್ಬರು ಕೊಲೆಯಾಗಿ ಬಿದ್ದಿದ್ದಾರೆ ಅಂದರೆ, ಮನೆಯವರೇ ಯಾರೋ ಯಾರನ್ನೋ ಮರೆತಿದ್ದಾರೆ ಅಂತ ಆಯಿತು. ಶೆವಾಲ್ ಮತ್ತು ವಾಲೋ ತಮ್ಮ ಹತ್ತೂ ಪುಸ್ತಕಕ್ಕೆ ಸೇರಿಸಿ ಇಟ್ಟ ಹೆಸರು ‘ಒಂದು ಅಪರಾಧದ ಕಥೆ’. ಅವರ ಲೆಕ್ಕದಲ್ಲಿ ಆ ಅಪರಾಧ ಮಾಡಿದ್ದು ಸಮಾಜವೇ. ಹತ್ತನೆಯ ಪುಸ್ತಕದಲ್ಲಿ ಒಬ್ಬ ಹುಡುಗಿ, ಎಲ್ಲ ಕಚೇರಿಗಳೂ ಕೈಬಿಟ್ಟವಳು, ದೇಶದ ಪ್ರಧಾನಿಯನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಅದು ಬಂದದ್ದು 1975ರಲ್ಲಿ, ವಾಲೋ ತೀರಿಕೊಂಡ ವರ್ಷ.

1986ರ ಫೆಬ್ರವರಿ 28ರ ರಾತ್ರಿ ಸ್ವೀಡನ್ನಿನ ಪ್ರಧಾನಿ ಓಲೋಫ್ ಪಾಲ್ಮೆ ಹೆಂಡತಿ ಜೊತೆ ಸಿನಿಮಾ ನೋಡಿ ನಡೆದುಕೊಂಡು ಮನೆಗೆ ಹೊರಟಿದ್ದರು. ಜೊತೆಗೆ ಕಾವಲಿನವರು ಇರಲಿಲ್ಲ. ಸ್ಟಾಕ್‌ಹೋಮ್‌ನ ನಡುಬೀದಿಯಲ್ಲಿ ಹಿಂದಿನಿಂದ ಬಂದು ಗುಂಡು ಹೊಡೆದರು. 2020ರಲ್ಲಿ ತನಿಖೆ ಮುಚ್ಚಿದರು, ಅಷ್ಟು ವರ್ಷದಲ್ಲಿ ಯಾರ ಮೇಲೂ ಶಿಕ್ಷೆ ನಿಲ್ಲಲಿಲ್ಲ. ಲುಂಡ್‌ನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಆ ರಾತ್ರಿ ರೇಡಿಯೋ ಕೇಳಿದ ಅಡುಗೆಮನೆ, ಒಲೆ ಮೇಲಿದ್ದ ಪಾತ್ರೆ, ಎಲ್ಲ ಹಾಗೇ ನೆನಪಿತ್ತು. ಇಂಥ ದೇಶದಲ್ಲಿ ಜನ ಪತ್ತೇದಾರಿ ಕಾದಂಬರಿಯನ್ನು ಬರೀ ಹೊತ್ತು ಕಳೆಯಲು ಓದುವುದಿಲ್ಲ.

ಹೊರಗಿನಿಂದ ಬಂದವರ ಕಥೆಗೆ ಬರುತ್ತೇನೆ, ಯಾಕೆಂದರೆ ನಿಮ್ಮ ಮಗಳು ಅಲ್ಲೇ ಇರುವುದರಿಂದ ಇದು ಅವಳಿಗೂ ಮುಟ್ಟಿರಬಹುದು. ನೀವು ಓದಿದ ಪುಸ್ತಕದಲ್ಲಿ ಸಾಯುತ್ತಿರುವ ಮುದುಕಿ ಆಸ್ಪತ್ರೆಯಲ್ಲಿ ಒಂದೇ ಮಾತು ಹೇಳುತ್ತಾಳೆ: ವಿದೇಶಿ. ಆ ಒಂದು ಮಾತು ಹೇಗೋ ಹೊರಗೆ ಸೋರಿಹೋಗುತ್ತದೆ. ಆಮೇಲೆ ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುತ್ತದೆ, ಏನೂ ತಪ್ಪು ಮಾಡದ ಒಬ್ಬ ಸೊಮಾಲಿಯಾದವನ ಕೊಲೆಯಾಗುತ್ತದೆ. ಮಾಂಕೆಲ್ ಬಹಳ ವರ್ಷ ಆಫ್ರಿಕಾದಲ್ಲಿದ್ದವರು, ಮೊಜಾಂಬಿಕ್‌ನ ಮಪುಟೊದಲ್ಲಿ ನಾಟಕದ ತಂಡ ನಡೆಸಿದವರು. ಊರಿಗೆ ಬಂದಾಗ ತಮ್ಮ ಜನರಲ್ಲಿ ಹೊರಗಿನವರ ಮೇಲೆ ದ್ವೇಷ ಬೆಳೆದದ್ದು ನೋಡಿ ಈ ಕಾದಂಬರಿ ಬರೆಯಲು ಕೂತರು. ಅದು ಬಂದದ್ದು 1991ರಲ್ಲಿ. ಈಗ ಓದಿದರೂ ಹಳತಾಗಿಲ್ಲ.

ನಾರ್ವೆಯ ಕಾರಿನ್ ಫೊಸ್ಸುಮ್ ಬರೆದ ‘ದಿ ಇಂಡಿಯನ್ ಬ್ರೈಡ್’ ನನಗೆ ಇವೆಲ್ಲಕ್ಕಿಂತ ಹತ್ತಿರ. ಒಂದು ಹಳ್ಳಿ. ಅಲ್ಲಿ ಟ್ರ್ಯಾಕ್ಟರು, ಕೃಷಿ ಯಂತ್ರ ಮಾರುವ ಗುಂಡರ್ ಅನ್ನೋ ಐವತ್ತು ದಾಟಿದ ಬ್ರಹ್ಮಚಾರಿ. ತುಂಬ ನಿಧಾನದ, ಒಳ್ಳೆಯ ಮನುಷ್ಯ. ಮುಂಬೈಗೆ ಹೋಗುತ್ತಾನೆ. ಒಂದು ಹೋಟೆಲಿನಲ್ಲಿ ಊಟ ಬಡಿಸುವ ಪೂನಾ ಅನ್ನೋ ಹೆಣ್ಣನ್ನು ನೋಡುತ್ತಾನೆ, ಅವಳೂ ಇವನನ್ನು ಒಪ್ಪುತ್ತಾಳೆ, ಮದುವೆಯಾಗುತ್ತದೆ. ಅವನು ಮುಂದೆ ಹೋಗಿ ಮನೆ ಸಿದ್ಧ ಮಾಡುತ್ತಾನೆ. ಅವಳು ಬಂದಿಳಿಯುವ ದಿನವೇ ಅವನ ತಂಗಿಗೆ ಕಾರು ಅಪಘಾತ. ಅವನು ಆಸ್ಪತ್ರೆಗೆ ಓಡಬೇಕಾಗುತ್ತದೆ, ವಿಮಾನ ನಿಲ್ದಾಣಕ್ಕೆ ಊರಿನ ಟ್ಯಾಕ್ಸಿಯವನನ್ನು ಕಳಿಸುತ್ತಾನೆ. ಅವಳು ಸಿಗುವುದಿಲ್ಲ. ಮನೆ ಹತ್ತಿರದ ಹುಲ್ಲುಗಾವಲಿನಲ್ಲಿ ಒಂದು ಹೆಣ ಸಿಗುತ್ತದೆ.

ಅಷ್ಟು ದೂರದಿಂದ ಬಂದು, ಮನೆ ಇನ್ನೇನು ಕೂಗಳತೆ ಅನ್ನೋವಾಗ. ಊರಲ್ಲಿ ಒಬ್ಬೊಬ್ಬರಿಗೂ ಚೂರುಚೂರು ಗೊತ್ತಿದೆ, ಯಾರೂ ಬಾಯಿ ಬಿಡುವುದಿಲ್ಲ. ಸೆಯೆರ್ ಅನ್ನೋ ಇನ್‌ಸ್ಪೆಕ್ಟರ್ ಕೂಗಾಡದೆ, ಒಂದೊಂದು ಮನೆಗೂ ಹೋಗಿ, ಕೂತು ಮಾತಾಡುತ್ತಾನೆ. ಹೆಂಡತಿಯನ್ನು ಕಳೆದುಕೊಂಡವನು ಅವನು, ಮನೆಯಲ್ಲಿ ಒಂದು ದೊಡ್ಡ ನಾಯಿ. ಗುಂಡರ್‌ನ ದುಃಖ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ಕಾದಂಬರಿಯಲ್ಲಿ ಮುಂಬೈನ ಚಿತ್ರ ಅಲ್ಲಲ್ಲಿ ಹೊರಗಿನವರ ಕಣ್ಣಿನದು, ನಮಗೆ ಅದು ಗೊತ್ತಾಗುತ್ತದೆ. ಆದರೆ ಪೂನಾ ಯಾರು, ಅವಳು ನಗುತ್ತಿದ್ದದ್ದು ಹೇಗೆ ಅಂತ ಕೊನೆಯ ಪುಟದವರೆಗೂ ಮರೆಯಲು ಬಿಡುವುದಿಲ್ಲ.

ಐಸ್‌ಲ್ಯಾಂಡನ್ನು ಸ್ಕ್ಯಾಂಡಿನೇವಿಯಾಕ್ಕೆ ಸೇರಿಸಬೇಕಾ ಅಂತ ಕೆಲವರು ವಾದ ಮಾಡುತ್ತಾರೆ. ಓದುಗರಿಗೆ ಆ ಗಡಿ ಬೇಡ. ಅಲ್ಲಿನ ಆರ್ನಾಲ್ದುರ್ ಇಂದ್ರಿದಾಸೋನ್ ಬರೆದ ‘ಸೈಲೆನ್ಸ್ ಆಫ್ ದಿ ಗ್ರೇವ್’ 2001ರದ್ದು. ಮಕ್ಕಳ ಹುಟ್ಟುಹಬ್ಬ ನಡೆಯುತ್ತಿರುವ ಮನೆಯಲ್ಲಿ ಒಂದು ಕೂಸು ಏನನ್ನೋ ಕಚ್ಚುತ್ತಾ ಕೂತಿದೆ. ಅಲ್ಲಿಗೆ ಬಂದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ನೋಡಿದರೆ, ಅದು ಮನುಷ್ಯನ ಎಲುಬು. ಹೊಸ ಬಡಾವಣೆ ಕಟ್ಟುವ ಜಾಗದಲ್ಲಿ ಹಳೆಯ ಅಸ್ಥಿಪಂಜರ ಸಿಕ್ಕಿದೆ. ಅದನ್ನು ಪುರಾತತ್ವದವರು ಬ್ರಷ್ಷು ಹಿಡಿದು ಅಂಗುಲ ಅಂಗುಲ ಬಿಡಿಸುತ್ತಾರೆ. ಸತ್ತು ಅರ್ಧ ಶತಮಾನ ಆಗಿದೆ, ಕೊಂದವನೂ ಸತ್ತಿರಬಹುದು, ಈಗ ಯಾಕೆ ಇಷ್ಟು ಒದ್ದಾಟ ಅಂತ ಜೊತೆಯವನಿಗೇ ಸಿಟ್ಟು. ಎರ್ಲೆಂದುರ್ ಅನ್ನೋ ಪತ್ತೇದಾರ ಮಾತ್ರ ಬಿಡುವುದಿಲ್ಲ. ಯಾಕೆ ಅಂತ ತಡವಾಗಿ ತಿಳಿಯುತ್ತದೆ. ಚಿಕ್ಕವನಿದ್ದಾಗ ಹಿಮಗಾಳಿಯಲ್ಲಿ ಸಿಕ್ಕಿಕೊಂಡು ತಮ್ಮನ ಕೈ ಬಿಟ್ಟವನು ಅವನು. ತಮ್ಮ ಸಿಗಲೇ ಇಲ್ಲ, ಹೆಣವೂ ಸಿಗಲಿಲ್ಲ. ಈ ಕಥೆಯನ್ನು ಅವನು ಬಾಯಿಬಿಟ್ಟು ಹೇಳುವುದು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ಮಗಳಿಗೆ. ಇದನ್ನು ಓದಿದ ಮೇಲೆ, ಪತ್ತೇದಾರನಿಗೆ ಯಾಕಪ್ಪಾ ಇಷ್ಟು ದುಃಖ ಅಂತ ನಾನು ಯಾವತ್ತೂ ಕೇಳಿಲ್ಲ.

ಎಲ್ಲವೂ ಹೀಗೇ ಚೆನ್ನಾಗಿವೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ಟೀಗ್ ಲಾರ್ಸನ್ ಅವರ ಮೊದಲ ಕಾದಂಬರಿ 2005ರಲ್ಲಿ, ಅವರು ತೀರಿಕೊಂಡ ಮರುವರ್ಷ ಬಂತು. ಅದು ಲೋಕವೆಲ್ಲ ಮಾರಾಟವಾದ ಮೇಲೆ ಹಿಂದೆಯೇ ಪ್ರವಾಹ ಬಂತು. ಕೊಲೆ ಮಾಡುವ ವಿಧಾನ ಒಂದಕ್ಕಿಂತ ಒಂದು ಘೋರ, ಪತ್ತೇದಾರನಿಗೆ ಒಂದು ಕುಡಿತ, ಒಂದು ಡೈವೋರ್ಸು, ಅಷ್ಟಾದರೆ ಪುಸ್ತಕ ರೆಡಿ. ಸತ್ತವರು ಮತ್ತೆ ಆಟದ ಕಾಯಿ. ಅಂಥವನ್ನು ನಾನು ಅರ್ಧಕ್ಕೆ ಬಿಡುತ್ತೇನೆ, ನೀವೂ ಬಿಡಿ. ಲಾರ್ಸನ್ ಅವರದ್ದೇ ಆದರೆ ಉದ್ದ ಜಾಸ್ತಿಯಾದರೂ ಬೇರೆ ಮಾತು. ಇಂಗ್ಲಿಷಿನಲ್ಲಿ ಡ್ರ್ಯಾಗನ್ ಹಚ್ಚೆಯ ಹುಡುಗಿ ಅಂತ ಹೆಸರಾಗಿದ್ದ ಅದಕ್ಕೆ ಸ್ವೀಡಿಷ್ ಹೆಸರು ‘ಹೆಂಗಸರನ್ನು ದ್ವೇಷಿಸುವ ಗಂಡಸರು’. ಆ ಹೆಸರಿನಲ್ಲಿ ಓದಿದರೆ ಪುಸ್ತಕವೇ ಬೇರೆಯಾಗಿ ಕಾಣುತ್ತದೆ. ಅದರಲ್ಲೂ ಒಬ್ಬ ಮುದುಕನಿದ್ದಾನೆ. ಕಾಣೆಯಾದ ಹುಡುಗಿಯನ್ನು ದಶಕಗಟ್ಟಲೆ ಮರೆಯದವನು. ಅವನ ಹುಟ್ಟುಹಬ್ಬದ ದಿನ ಪ್ರತಿ ವರ್ಷ ಅಂಚೆಯಲ್ಲಿ ಒಂದು ಒಣಗಿಸಿದ ಹೂವು ಬರುತ್ತದೆ, ಕಳಿಸುವವರು ಯಾರು ಅಂತ ಗೊತ್ತಿಲ್ಲ.

ಅಲ್ಲಿನ ಜನ ಇದನ್ನು ಎಷ್ಟು ಸಹಜವಾಗಿ ಬದುಕಿಗೆ ಸೇರಿಸಿಕೊಂಡಿದ್ದಾರೆ ಅಂದರೆ, ನಾರ್ವೆಯಲ್ಲಿ ಈಸ್ಟರ್ ರಜೆಗೆ ಕೊಲೆ ಕಥೆ ಓದುವುದೇ ಒಂದು ಸಂಪ್ರದಾಯ. ‘ಪೋಸ್ಕೆಕ್ರಿಮ್’ ಅಂತಾರೆ. 1923ರಲ್ಲಿ ಒಂದು ಕಾದಂಬರಿಯ ಜಾಹೀರಾತು ಪತ್ರಿಕೆಯ ಮುಖಪುಟದಲ್ಲಿ ಬೆರ್ಗನ್ ರೈಲು ರಾತ್ರಿ ಲೂಟಿಯಾಯಿತು ಅಂತ ಬಂತು. ಬಹಳ ಜನ ನಿಜವಾದ ಸುದ್ದಿ ಅಂತಲೇ ನಂಬಿದರು. ಅಲ್ಲಿಂದ ಶುರು. ಈಸ್ಟರ್ ಹೊತ್ತಿಗೆ ಹಾಲಿನ ಪೊಟ್ಟಣದ ಮೇಲೂ ಸಣ್ಣ ಪತ್ತೇದಾರಿ ಕಥೆ ಅಚ್ಚಾಗಿರುತ್ತದೆ. ಓಸ್ಲೋದಲ್ಲಿ ಗೆಳೆಯರ ಮನೆಯಲ್ಲಿ ಬೆಳಗಿನ ತಿಂಡಿ ಹೊತ್ತಿಗೆ ಅಪ್ಪ ಮಕ್ಕಳು ಆ ಪೊಟ್ಟಣಕ್ಕೆ ಕಿತ್ತಾಡುವುದನ್ನು ನೋಡಿದ್ದೇನೆ.

ಈಗ ನೀವು ಏನು ಮಾಡಬಹುದು ಅಂತ ಹೇಳುತ್ತೇನೆ. ‘ರೋಸಾನ್ನ’ ಮೊದಲು ಓದಿ. ಚಿಕ್ಕ ಪುಸ್ತಕ, ವಾಕ್ಯಗಳು ಸರಳ, ಎರಡು ದಿನದಲ್ಲಿ ಮುಗಿಯುತ್ತದೆ. ಆಮೇಲೆ ಫೊಸ್ಸುಮ್. ಎರಡರ ನಡುವೆ ಒಂದು ವಾರ ಬಿಡಿ, ಒಟ್ಟೊಟ್ಟಿಗೆ ಓದಿದರೆ ಮನಸ್ಸು ಭಾರವಾಗುತ್ತದೆ. ಐಸ್‌ಲ್ಯಾಂಡಿನದ್ದರಲ್ಲಿ ಹೆಂಡತಿಯನ್ನು ಹೊಡೆಯುವ ಗಂಡನ ಚಿತ್ರ ಬಹಳ ಕಠಿಣವಾಗಿದೆ, ರಾತ್ರಿ ಮಲಗುವ ಮುಂಚೆ ಬೇಡ. ವೇಗ ಬೇಕು ಅನಿಸಿದರೆ ಯೂ ನೆಸ್ಬೊ ಬರೆದ ‘ದಿ ರೆಡ್‌ಬ್ರೆಸ್ಟ್’ ಇದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಪರ ಲೆನಿನ್‌ಗ್ರಾಡ್ ಕಡೆ ಹೋರಾಡಿದ ನಾರ್ವೆಯವರ ಕಥೆ ಅದು. ನೆಸ್ಬೊ ಅವರ ತಂದೆಯೇ ಆ ಕಡೆ ಇದ್ದವರು, ಅದು ಪುಟಪುಟದಲ್ಲೂ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ನಿಮ್ಮ ಅರ್ಧ ಓದಿದ ಪುಸ್ತಕಕ್ಕೆ ವಾಪಸ್ ಬನ್ನಿ. ನಿಲ್ಲಿಸಿದ ಕಡೆಯಿಂದ ಬೇಡ, ಮೊದಲ ಪುಟದಿಂದ, ಆ ಮುದುಕ ಕಿವಿಗೊಟ್ಟು ನಿಂತ ಕಡೆಯಿಂದ. ಅಪ್ಪ ಬರುವ ಪುಟಗಳನ್ನು ಹಾರಿಸಬೇಡಿ. ಆ ಪುಟಗಳ ಬಗ್ಗೆ ಮಗಳ ಹತ್ತಿರ ಫೋನಿನಲ್ಲಿ ಮಾತಾಡಿ. ಇಷ್ಟೊಂದು ಪುಸ್ತಕಗಳಿರುವಾಗ ಅವಳು ಅಷ್ಟು ದೂರದಿಂದ ಹೊತ್ತು ತಂದು ನಿಮ್ಮ ಕೈಗೆ ಕೊಟ್ಟದ್ದು ಇದನ್ನೇ, ಅಲ್ವಾ?